ಆ ಅಡುಗೆಮನೆ ತೊಳೆದವರು ಯಾರು?

ಅಮೆರಿಕದ ಬರ್ಬ್ಯಾಂಕ್‌ನ ಕಾರ್ಟೂನ್ ಸ್ಟುಡಿಯೋದಲ್ಲಿ ರೊಸಾಲಿಂಡ್ ನನ್ನ ಪಕ್ಕದ ಮೇಜಿನವಳು. ಟಿವಿಯಲ್ಲಿ ವಾರಕ್ಕೊಮ್ಮೆ ಬರುವ, ಒಂದು ಸಂಸಾರದ ತಮಾಷೆಯ ಕಥೆಗೆ ಹದಿನಾರು ವರ್ಷದಿಂದ ಹಿನ್ನೆಲೆಯ ಚಿತ್ರ ಬರೆಯುತ್ತಿದ್ದಳು. ಪಾತ್ರಗಳನ್ನಲ್ಲ, ಅವು ಓಡಾಡುವ ಮನೆಯನ್ನು. ಅಲ್ಲಿನ ಹಳದಿ ಅಡುಗೆಮನೆ ಅವಳ ಕೈಯದು. ಒಮ್ಮೆ ಬರೆದ ಅದನ್ನೇ ಎಲ್ಲ ಕಂತಿಗೂ ಬಳಸುತ್ತಿದ್ದರು.

ಆ ಸಲದ ಕಥೆಯಲ್ಲಿ ತಾಯಿ ಬೇಸರದಿಂದ ಮಲಗಿಬಿಡುತ್ತಾಳೆ. ಅವಳನ್ನು ನಗಿಸಲು ಅಕ್ಕ, ತಮ್ಮ ಸೇರಿ ಪ್ಯಾನ್‌ಕೇಕ್ ಮಾಡುತ್ತಾರೆ. ಹಿಟ್ಟು ಹಾರುತ್ತದೆ, ಮೊಟ್ಟೆ ಗೋಡೆಯ ಮೇಲೆ ಇಳಿಯುತ್ತದೆ, ತಾಯಿ ನಗುತ್ತಾಳೆ. ಮುಂದಿನ ದೃಶ್ಯ ಸಂಜೆಯ ಊಟ. ಕಥೆಯ ಹಾಳೆಯಲ್ಲಿ ಸೂಚನೆಯಿತ್ತು: ಹಳೆಯ ಅಡುಗೆಮನೆಯನ್ನೇ ಹಾಕಿ.

ಶುಕ್ರವಾರ ರೊಸಾಲಿಂಡ್ ಹಾಳೆ ಹಿಡಿದು ನಿರ್ದೇಶಕ ಗ್ರೇಡಿಯ ಬಳಿ ಹೋದಳು.

“ಗ್ರೇಡಿ, ಇದನ್ನ ತೊಳೆದೋರು ಯಾರು?”

“ಏನನ್ನ?”

“ಅಡುಗೆಮನೇನ. ಬೆಳಿಗ್ಗೆ ಗೋಡೆ ತುಂಬ ಮೊಟ್ಟೆ. ಸಂಜೆಗೆ ಫಳಫಳ ಅಂತಿದೆ.”

“ಕಾರ್ಟೂನು ಮಾರಾಯ್ತಿ. ತಾನಾಗೇ ಕ್ಲೀನ್ ಆಗತ್ತೆ.”

“ನಿಮ್ಮನೇಲೂ ಹಾಗೇ ಆಗತ್ತೇನೋ.”

ಅಕ್ಕಪಕ್ಕದ ಮೇಜಿನವರೆಲ್ಲ ನಕ್ಕರು. ಮಕ್ಕಳೇ ತೊಳೆಯುವ ಮೂರು ಸೆಕೆಂಡಿನ ಒಂದು ಶಾಟ್ ಬೇಕೆಂದಳು ರೊಸಾಲಿಂಡ್. ಸೋಮವಾರ ಬೆಳಿಗ್ಗೆಯೊಳಗೆ ಬರೆದು ತಂದರೆ ನೋಡೋಣ ಎಂದ ಗ್ರೇಡಿ.

ಅವತ್ತು ಸಂಜೆ ಮನೆಯಲ್ಲಿ ಬರೆಯಲು ಕೂತವಳಿಗೆ ಕೈಯೇ ಓಡಲಿಲ್ಲ. ಮಕ್ಕಳು ಅಡುಗೆಮನೆ ತೊಳೆಯುವುದು ಹೇಗಿರುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ಅವಳ ಮನೆಯಲ್ಲಿ, ಗಂಡ ಬಿಟ್ಟುಹೋದ ಮೇಲೂ, ಅದಕ್ಕೆ ಮುಂಚೆಯೂ, ತೊಳೆದವಳು ಅವಳೊಬ್ಬಳೇ. ಶನಿವಾರ ಬೆಳಿಗ್ಗೆ ಹೊದಿಕೆ ಎಳೆದುಕೊಂಡು ಮಲಗಿಯೇ ಇದ್ದಳು.

ಒಂಬತ್ತು ವರ್ಷದ ಮಗಳು ಡೆಲಿಯಾ ತಟ್ಟೆ ಹಿಡಿದು ಬಂದಳು. ಹಿಂದೆ ಅಣ್ಣ ವೆಸ್ಲಿ.

“ನಿನ್ನೆಯಿಂದ ಮುಖ ಊದಿಸ್ಕೊಂಡಿದೀಯಲ್ಲಮ್ಮ. ತಗೋ, ಪ್ಯಾನ್‌ಕೇಕ್. ಒಂದು ಕಡೆ ಕರಕಲಾಗಿದೆ. ಅದು ಇವನು ಮಾಡಿದ್ದು.”

ತಿಂದು ಅಡುಗೆಮನೆಗೆ ಬಂದರೆ, ಕಥೆಯಲ್ಲಿ ಬರೆದದ್ದೆಲ್ಲ ಅಲ್ಲಿತ್ತು. ಸ್ಟವ್‌ನ ಸಂದುಗಳಲ್ಲಿ ಹಿಟ್ಟು ಒಣಗುತ್ತಿತ್ತು. ರೊಸಾಲಿಂಡ್ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಗುತ್ತಲೇ ಅವಳ ಕೈ ಸ್ಪಂಜಿನತ್ತ ಹೋಯಿತು, ಅಲ್ಲೇ ನಿಂತಿತು.

“ನೀವೇ ತೊಳೀರಿ.”

“ಅಯ್ಯೋ, ನಿನಗೋಸ್ಕರ ತಾನೇ ಮಾಡಿದ್ದು!” ಎಂದ ವೆಸ್ಲಿ.

“ಹಾಗಾದ್ರೆ ನನಗೋಸ್ಕರಾನೇ ತೊಳೀರಿ.”

“ಮಾಪ್ ಎಲ್ಲಿರತ್ತೆ?”

“ನೀನು ಹುಟ್ಟಿದಾಗಿಂದ ಆ ಬಾಗಿಲ ಹಿಂದೇನೇ ಇದೆ.”

ರೊಸಾಲಿಂಡ್ ಚಿತ್ರ ಬರೆಯುವ ಪುಸ್ತಕ ತಂದು ಕುರ್ಚಿಯಲ್ಲಿ ಕೂತಳು. ಆ ಅಡುಗೆಮನೆಯಲ್ಲಿ ಇನ್ನೊಬ್ಬರು ಕೆಲಸ ಮಾಡುವಾಗ ಅವಳು ಕೂತದ್ದು ಅದೇ ಮೊದಲು. ಎರಡು ಸಲ ಎದ್ದಳು.

“ಕೂತ್ಕೋಮ್ಮ, ಒದ್ದೆ ನೆಲ ತುಳೀತೀಯ,” ಎಂದು ಡೆಲಿಯಾ ಗದರಿದಳು.

ಕೂತು, ಬರೆದಳು. ದೋಣಿಯ ಹುಟ್ಟಿನಂತೆ ಮಾಪ್ ಹಿಡಿದ ಹುಡುಗ. ನಾಲಿಗೆ ಕಚ್ಚಿಕೊಂಡು ಪಾತ್ರೆ ಉಜ್ಜುವ ಹುಡುಗಿ. ಮೂಲೆಯಲ್ಲಿ ಕೂತ ತಾಯಿ.

ಸೋಮವಾರ ಗ್ರೇಡಿ ಆ ಹಾಳೆಗಳನ್ನು ಎರಡು ಸಲ ತಿರುವಿಹಾಕಿದ.

“ಇವಳ್ಯಾಕೆ ಸುಮ್ನೆ ಕೂತಿದಾಳೆ?”

“ತೊಳೆಯೋರು ಇದಾರಲ್ಲ.”

ಗ್ರೇಡಿ ಹಾಳೆಗಳನ್ನು ಅವಳ ಕೈಗೆ ಮರಳಿಸಿದ.

“ಮೂರು ಸೆಕೆಂಡ್ ಸಾಲಲ್ಲ, ನಾಲ್ಕು ತಗೋ. ಅವಳು ಕೂತಿದಾಳೆ ಅನ್ನೋದು ಜನಕ್ಕೆ ಕಾಣ್ಬೇಕು.”