ಇನ್ನೂರ ಹದಿನೈದನೆಯ ಹೆರಿಗೆ

ನಮ್ಮೂರು ಎಲ್ ಗುವಾಬೋದಲ್ಲಿ ನನ್ನ ಅಮ್ಮ ಇಸ್ಮೇನಿಯಾ ಮಾಡಿಸಿದ ಹೆರಿಗೆಗಳು ಇನ್ನೂರ ಹದಿನಾಲ್ಕು. ಅವಳನ್ನೇ ಕೇಳಿದರೆ ಇನ್ನೂರ ಹದಿನೈದು ಎನ್ನುತ್ತಾಳೆ. ಹೆಚ್ಚಿನ ಒಂದು ಅವಳ ಮುದಿ ಕೋಳಿ ಸರಾವಿಯಾಳದು. ನಾನೂ ಇನ್ನೂರ ಹದಿನೈದೇ ಎನ್ನುತ್ತೇನೆ. ನಗುವವರು ನಗಲಿ, ಕಣ್ಣಾರೆ ಕಂಡವಳು ನಾನು.

ಸೂಲಗಿತ್ತಿಯಾಗಿ ಅಮ್ಮ ಮಹಾ ಕಟ್ಟುನಿಟ್ಟು. ಹೆತ್ತವಳು ನಲವತ್ತು ದಿನ ಹೊಸ್ತಿಲು ದಾಟಬಾರದು. ಕಿವಿಗೆ ಹತ್ತಿ, ತಲೆಗೆ ಬಟ್ಟೆ, ದಿನಕ್ಕೊಂದು ಕೋಳಿಯ ಸಾರು, ಕೊನೆಯ ದಿನ ಸೊಪ್ಪಿನ ನೀರಿನ ಸ್ನಾನ. ಇಷ್ಟು ಊರಿನ ಪದ್ಧತಿ. ಅದಕ್ಕೆ ಅಮ್ಮ ತನ್ನದೊಂದನ್ನು ಸೇರಿಸಿದ್ದಳು: ನಲವತ್ತನೆಯ ದಿನದ ಕೋಳಿ ಬಾಣಂತಿಯ ತಾಯಿಯ ಗೂಡಿನದೇ ಆಗಬೇಕು, ಅದೂ ಇರುವುದರಲ್ಲಿ ಅತ್ಯಂತ ಹಳೆಯದು. ಅದರ ಸಾರಿನಲ್ಲಿ ಕಸುವು ಹೆಚ್ಚಂತೆ. ಮೂವತ್ತು ವರ್ಷ ಯಾರೂ ಎದುರಾಡಲಿಲ್ಲ. ನನ್ನ ಅತ್ತೆ ಒತೀಲಿಯಾ ಕೂಡ ತನ್ನ ಮಗಳ ಬಾಣಂತನದಲ್ಲಿ, ಹೆಗಲೇರಿ ಕೂರುತ್ತಿದ್ದ ಮುದ್ದಿನ ಕರಿಕೋಳಿಯನ್ನು ಅಮ್ಮನ ಮಾತಿಗೆ ಕಟ್ಟುಬಿದ್ದು ಕೊಯ್ದಳು. ಆಮೇಲೆ ಮೂರು ದಿನ ಅನ್ನ ಮುಟ್ಟಲಿಲ್ಲ.

ಈಗ ಬಾಣಂತಿ ನಾನು, ಅಮ್ಮನ ಮನೆಯಲ್ಲೇ ಮಲಗಿದ್ದೆ. ಅವಳ ಗೂಡಿನಲ್ಲಿ ಉಳಿದಿದ್ದದ್ದು ಸರಾವಿಯಾ ಒಂದೇ. ಬೇರೆಯವೆಲ್ಲ ಮೊದಲ ವಾರದಲ್ಲೇ ನನ್ನ ಹೊಟ್ಟೆ ಸೇರಿದ್ದವು, ಆಮೇಲಿನವೆಲ್ಲ ಕೊಂಡು ತಂದವು.

ಮೈತುಂಬ ಚುಕ್ಕೆಯ ಸರಾವಿಯಾಗೆ ಹನ್ನೊಂದು ವರ್ಷ. ಒಂದು ಕಣ್ಣಿಗೆ ಪೊರೆ, ಬಲ ಅಂಗಾಲಿನಲ್ಲಿ ಕೀವಾಡುವ ಆಣಿ. ಅಮ್ಮ ದಿನಾ ಬೆಳಿಗ್ಗೆ ಆ ಕಾಲನ್ನು ಬಿಸಿ ಉಪ್ಪುನೀರಿನಲ್ಲಿ ನೆನೆಸಿ, ಅಪ್ಪನ ಹಳೆಯ ಅಂಗಿಯ ಚೂರು ಸುತ್ತುತ್ತಿದ್ದಳು. ಮೆಕ್ಕೆಜೋಳವನ್ನು ನೆನೆಹಾಕಿ, ಅರೆದು, ಕೈಯಿಂದಲೇ ತಿನ್ನಿಸುತ್ತಿದ್ದಳು. ಮೊಟ್ಟೆ ಇಟ್ಟು ಮೂರು ವರ್ಷವಾಗಿತ್ತು. ಊರಿನ ಕೋಳಿಗಳಿಗೆಲ್ಲ ಯಮ, ಇದೊಂದಕ್ಕೆ ತಾಯಿ ಎಂದು ಜನ ಆಡಿಕೊಳ್ಳುತ್ತಿದ್ದರು. ಅಪ್ಪ ತೀರಿಕೊಂಡ ವರ್ಷ, ಕಾಲು ಮುಂದಾಗಿ ಬಂದ ಮಗುವನ್ನು ಉಳಿಸಿದ್ದಕ್ಕೆ ಸಿಕ್ಕ ಮರಿ ಅದು. ಆ ವರ್ಷ ಅಮ್ಮ ನನಗಿಂತ ಅದರೊಂದಿಗೇ ಹೆಚ್ಚು ಮಾತಾಡಿದಳು. ನನಗೆ ಹೊಟ್ಟೆಕಿಚ್ಚಾಗಿದ್ದು ಸುಳ್ಳಲ್ಲ.

ಮೂವತ್ತನೆಯ ದಿನದಿಂದ ಅತ್ತೆ ಸಂಜೆಸಂಜೆ ಬರತೊಡಗಿದಳು. ಮೊಮ್ಮಗಳಿಗಿಂತ ಮೊದಲು ಕೋಳಿಯ ಯೋಗಕ್ಷೇಮ.

"ಚೆನ್ನಾಗಿ ತಿನ್ಸು ಬೀಗ್ತಿ, ಸೊರಗಿ ಹೋದ್ರೆ ಸಾರಲ್ಲಿ ಏನಿರುತ್ತೆ?"

ಆ ನಿಯಮ ಬಿಟ್ಟುಬಿಡು ಎಂದು ನಾನು ಅಮ್ಮನನ್ನು ಗೋಗರೆದೆ.

"ಊರವರದು ಕೋಳಿ, ನನ್ನದು ಮಾತ್ರ ದೇವ್ರಾ? ಯಾವ ಮುಖ ಇಟ್ಕೊಂಡು ಇನ್ನೊಂದು ಮನೆ ಮೆಟ್ಟಿಲು ಹತ್ಲಿ?" ಎಂದಳು. ಅಂದಿನಿಂದ ಕಾಲಿಗೆ ಬಟ್ಟೆ ಸುತ್ತುವಾಗ ಅದರ ಮುಖ ನೋಡುವುದನ್ನು ಬಿಟ್ಟಳು.

ಮೂವತ್ತೆಂಟನೆಯ ದಿನ ಬೆಳಿಗ್ಗೆ ಸರಾವಿಯಾ ಕಾಫಿ ಗಿಡದ ಬುಡದಲ್ಲಿ ಬಾಲ ಇಳಿಬಿಟ್ಟು, ತಿಣುಕುತ್ತ ನಿಂತಿತ್ತು. ಅಮ್ಮ ಹೊಟ್ಟೆ ಮುಟ್ಟಿ ನೋಡಿದಳು. ಒಳಗೆ ಮೊಟ್ಟೆ ಸಿಕ್ಕಿಹಾಕಿಕೊಂಡಿತ್ತು. ಎರಡು ದಿನದಲ್ಲಿ ಸಾಯುವ ಕೋಳಿಗೆ ಯಾಕಿಷ್ಟು ಪಾಡು ಎಂದು ಬೇರೆಯವರಾಗಿದ್ದರೆ ಸುಮ್ಮನಾಗುತ್ತಿದ್ದರು. ಅಮ್ಮ ನೀರು ಕಾಯಿಸಿದಳು. ನನ್ನ ಮಂಚದ ಪಕ್ಕದ ಕತ್ತಲೆ ಮೂಲೆಯಲ್ಲಿ ಬೋಗುಣಿ ಇಟ್ಟು, ಕೋಳಿಯನ್ನು ಬಿಸಿನೀರಿನಲ್ಲಿ ಕೂರಿಸಿ, ಬೆರಳಿಗೆ ಎಣ್ಣೆ ಹಚ್ಚಿಕೊಂಡು ಮಧ್ಯಾಹ್ನದವರೆಗೂ ಹೊಟ್ಟೆ ನೀವಿದಳು.

"ಅವಸರ ಬೇಡ ಕಣೇ ತಾಯಿ. ನಾನಿದೀನಿ, ನಿಧಾನಕ್ಕೆ ತಳ್ಳು."

ಐದು ವಾರದ ಹಿಂದೆ ನನಗೆ ಹೇಳಿದ್ದೂ ಇದೇ ಮಾತು, ಇದೇ ದನಿಯಲ್ಲಿ. ನನಗೆ ಅಳು ತಡೆಯಲಾಗಲಿಲ್ಲ. ಕೊನೆಗೆ ಒರಟು ಸಿಪ್ಪೆಯ ಸೊಟ್ಟ ಮೊಟ್ಟೆಯೊಂದು ಹೊರಬಂತು. ಅಮ್ಮ ಅದನ್ನು ಒರೆಸಿ ನನ್ನ ಮಗಳ ಪಕ್ಕದಲ್ಲಿಟ್ಟಳು.

ನಲವತ್ತನೆಯ ದಿನ ಅತ್ತೆ ಪಾತ್ರೆ, ಚಾಕು, ಜೊತೆಗೆ ನಾಲ್ಕು ಹೆಂಗಸರನ್ನೂ ಕಟ್ಟಿಕೊಂಡು ಬಂದಳು. ಅಮ್ಮ ಕೋಳಿಯನ್ನು ಎತ್ತಿಕೊಂಡು ಬಾಗಿಲಲ್ಲಿ ನಿಂತಳು. ಕೊಡಲು ಬಂದಳೆಂದೇ ನಾನು ತಿಳಿದೆ.

"ಇವಳು ಹೆತ್ತು ಇವತ್ತಿಗೆ ಮೂರು ದಿನ, ಇನ್ನೂ ಮೂವತ್ತೇಳು ಬಾಕಿ," ಎಂದಳು ಅಮ್ಮ. "ಬಾಣಂತಿ ಮೈ ಮುಟ್ಟೋಕೆ ನಾನು ಯಾವತ್ತಾದ್ರೂ ಯಾರನ್ನಾದ್ರೂ ಬಿಟ್ಟಿದೀನಾ?"

ಹೆಂಗಸರು ನಕ್ಕರು. ಅತ್ತೆ ನಗಲಿಲ್ಲ.

"ನನ್ನ ಕರಿಕೋಳಿಗೆ ಇಂಥ ಮಾತು ಯಾರೂ ಹೇಳ್ಲಿಲ್ಲ ಬೀಗ್ತಿ."

"ಹೇಳ್ಲಿಲ್ಲ. ನನ್ನ ಬುಡಕ್ಕೇ ಬಂದಾಗ ಗೊತ್ತಾಯ್ತು. ತಪ್ಪು ನಂದೇ. ಆ ನಿಯಮ ಇವತ್ತಿಗೆ ಮುಗೀತು, ಇವರೆಲ್ಲ ಕೇಳಿಸ್ಕೊಳ್ಳಲಿ."

ಮೂವತ್ತು ವರ್ಷದ ತನ್ನ ಮಾತನ್ನು ಐದು ಜನರೆದುರು ತಾನೇ ಮುರಿದಳು ನನ್ನ ಅಮ್ಮ. ಇನ್ನೂರು ಹೆರಿಗೆಗಳಿಗಿಂತ ನನಗೆ ಅದೇ ಹೆಚ್ಚಿನ ಹೆಮ್ಮೆ. ಅತ್ತೆ ಒಲೆಯ ಮುಂದೆ ಕೂತು, ಕೋಳಿಯ ಬದಲಿಗೆ ಆ ಸೊಟ್ಟ ಮೊಟ್ಟೆಯನ್ನು ಕುದಿಯುವ ನೀರಿಗೆ ಒಡೆದು ಹಾಕಿ, ಕೊತ್ತಂಬರಿ ಉದುರಿಸಿ ನನಗೆ ಕುಡಿಸಿದಳು.

ಮೂವತ್ತೇಳು ದಿನ ಕಳೆದ ಮೇಲೆ ಅತ್ತೆ ಮತ್ತೆ ಮುಚ್ಚಿದ ಪಾತ್ರೆ ಹಿಡಿದು ಬಂದಳು. ಲೆಕ್ಕ ಅಮ್ಮನಿಗೂ ನೆನಪಿತ್ತು. ಅವಳು ಗೂಡಿಗೆ ಅಡ್ಡ ನಿಂತಳು. ಅತ್ತೆ ಮುಚ್ಚಳ ತೆಗೆದಳು. ಹಬೆಯಾಡುವ ನೀರು, ಅದರಲ್ಲಿ ತೇಲುವ ಸೊಪ್ಪು.

"ನಲವತ್ತನೇ ದಿನದ ಸ್ನಾನ ಆಗ್ದೆ ಬಾಣಂತಿ ಹೊರಗೆ ಬರೋ ಹಾಗಿಲ್ಲ ಅಂತ ನೀನೇ ಅಲ್ವಾ ಹೇಳೋದು? ಸರಿ, ಪಕ್ಕಕ್ಕೆ ಸರಿ," ಎಂದು ನೆಲದಲ್ಲಿ ಕೂತು, ಸರಾವಿಯಾಳ ಕೀವುಗಾಲನ್ನು ತನ್ನ ಮಡಿಲಿಗೆ ತೆಗೆದುಕೊಂಡಳು.