ಟ್ಯಾಬಿನ ಮೇಲಿಟ್ಟ ಅಂಗೈ

ಚಿತ್ರದ ಮೂವತ್ತೊಂದನೇ ನಿಮಿಷಕ್ಕೆ ಹೊಳೆ ಬರುತ್ತದೆಂದು ನನಗೆ ಮೊದಲೇ ಗೊತ್ತಿತ್ತು. ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದೆ: ‘ಫ್ಲಡ್. ಕೈ ಅಡ್ಡ. ಸೌಂಡ್ ಆಫ್.’

ವರ್ತೂರಿನ ಈ ಫ್ಲ್ಯಾಟಿಗೆ ನಾನು ಬಂದದ್ದು ಐದು ವರ್ಷದ ಮೊಮ್ಮಗಳನ್ನು ನೋಡಿಕೊಳ್ಳಲು. ಮಗಳಿಗೆ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ. ಅಳಿಯ ಹೊಸೂರಿನ ಕಾರ್ಖಾನೆಯಲ್ಲಿ, ಶನಿವಾರ ಬಂದು ಸೋಮವಾರ ಹೊರಡುತ್ತಾರೆ. ಬಂದ ವಾರವೇ ಮಗಳು ಟ್ಯಾಬನ್ನು ನನ್ನ ಕೈಗಿಟ್ಟು, “ಮಮ್ಮಿ, ಸುಮ್ನೆ ಏನೋ ಒಂದು ಹಾಕಿ ಕೂರಿಸ್ಬಿಡ್ಬೇಡ. ದಿನಕ್ಕೆ ಒಂದೇ ಗಂಟೆ, ಒಳ್ಳೇದು ಮಾತ್ರ. ನೀನೇ ನೋಡಿ ಸೆಲೆಕ್ಟ್ ಮಾಡು,” ಎಂದಳು. ಕಾನ್ವೆಂಟಿನಲ್ಲಿ ಓದಿದವಳಿಗೆ ಇಂಥ ಡ್ಯೂಟಿ ಸಿಕ್ಕರೆ ಕೇಳಬೇಕೇ! ಮಗು ಸ್ಕೂಲಿಗೆ ಹೋದ ಮೇಲೆ ಒಬ್ಬಳೇ ಕೂತು ಪ್ರಿವ್ಯೂ ಮಾಡುತ್ತಿದ್ದೆ. ಹೊಡೆದಾಟದವು ಔಟ್. ದಪ್ಪಗಿರುವವರನ್ನು ನೋಡಿ ನಗುವವು ಔಟ್. ಬೀಜ ಮೊಳೆಯುವುದು, ಅಣ್ಣ ತಂಗಿ ಹಂಚಿಕೊಂಡು ತಿನ್ನುವುದು, ಇಂಥವೆಲ್ಲ ಸರಿ. ಒಳ್ಳೆಯ ಚಿತ್ರದಲ್ಲಿ ಹೆದರಿಸುವ ಜಾಗ ಒಂದಿದ್ದರೆ, ಅದಕ್ಕೆ ನನ್ನ ಅಂಗೈ ಇತ್ತು.

ಇದನ್ನು ಕಲಿತದ್ದು ಕಾನ್ವೆಂಟಿನ ಬೋರ್ಡಿಂಗಿನಲ್ಲಿ. ತಿಂಗಳಿಗೊಂದು ಶನಿವಾರ ದೊಡ್ಡ ಹಾಲ್‌ನ ಕಿಟಕಿಗಳಿಗೆ ಕಪ್ಪು ಬಟ್ಟೆ ಕಟ್ಟಿ ನಮಗೆ ಸಿನಿಮಾ ತೋರಿಸುತ್ತಿದ್ದರು. ಪ್ರೊಜೆಕ್ಟರಿನ ಪಕ್ಕದಲ್ಲಿ ಸಿಸ್ಟರ್ ಒಬ್ಬರು ನಿಂತಿರುತ್ತಿದ್ದರು. ಮಕ್ಕಳು ನೋಡಬಾರದ್ದು ಬಂದೊಡನೆ ಲೆನ್ಸಿನ ಮುಂದೆ ಅವರ ಅಂಗೈ. ಪರದೆಯ ತುಂಬ ಐದು ಬೆರಳಿನ ಕಪ್ಪು ನೆರಳು. ಮ್ಯೂಸಿಕ್ ಮಾತ್ರ ಕೇಳುತ್ತಿತ್ತು. ಕೈ ತೆಗೆಯುವಷ್ಟರಲ್ಲಿ ಕಥೆ ಎಲ್ಲಿಗೋ ಹೋಗಿಬಿಟ್ಟಿರುತ್ತಿತ್ತು. ನಮ್ಮನ್ನು ಕಾಪಾಡುತ್ತಿದ್ದಾರೆ ಎಂದೇ ನಾನು ನಂಬಿದ್ದೆ. ಲೈಫ್‌ಬಾಯ್ ಸೋಪಿನ ವಾಸನೆಯ ಆ ಅಂಗೈಯನ್ನು ನೆನೆದರೆ ಈಗಲೂ ಪ್ರೀತಿ ಉಕ್ಕುತ್ತದೆ.

ಆವತ್ತು ಹಾಕಿದ್ದು ಒಂದು ಆನೆಮರಿಯ ಚಿತ್ರ. ಬೇಸಗೆಯಲ್ಲಿ ತಾಯಿಯ ಜೊತೆ ನೀರು ಹುಡುಕಿಕೊಂಡು ಹೋಗುತ್ತದೆ. ಎಷ್ಟು ಮುದ್ದಾದ ಚಿತ್ರ! ಮಗು ನನ್ನ ಮಡಿಲಲ್ಲಿತ್ತು. ಮನೆಕೆಲಸಕ್ಕೆ ಬರುವ ಕಲಬುರಗಿ ಕಡೆಯ ಹೆಂಗಸು ನೆಲ ಒರೆಸುತ್ತ ಒರೆಸುತ್ತ ನಮ್ಮ ಹಿಂದೆಯೇ ನಿಂತುಬಿಟ್ಟಿದ್ದಳು. ಮೂವತ್ತೊಂದನೇ ನಿಮಿಷ. ಮಳೆ ಬಂದು ಹೊಳೆ ಉಕ್ಕುವ ಜಾಗ. ಸೌಂಡ್ ತೆಗೆದು ಟ್ಯಾಬಿನ ಮೇಲೆ ಅಂಗೈ ಅಗಲಿಸಿದೆ.

“ಅಮ್ಮಾರ, ಕೈ ತಗೀರಲ್ಲ. ಆನಿಗಿ ಏನಾತು ಅಂತ ನಾನೂ ನೋಡ್ತೀನಿ.”

“ನೀನು ನೆಲ ಒರೆಸು.”

“ಕೂಸು ಪಿಚ್ಚರಿಗಿ ಅಂಜಲ್ಲರಿ. ನಿಮ್ಮ ಕೈಗಿ ಅಂಜ್ಯಾದ ನೋಡ್ರಿ.”

ಇವಳಿಂದ ನಾನು ಪೇರೆಂಟಿಂಗ್ ಕಲಿಯಬೇಕೇ ಎಂದು ಸಿಟ್ಟು ಬಂತು. ಎರಡು ನಿಮಿಷವಾದ ಮೇಲೆ ಕೈ ತೆಗೆದೆ. ದಡದಲ್ಲಿ ಮರಿ ಒಂದೇ ನಿಂತಿತ್ತು. ಮಗು ಕೆಳಗಿಳಿದು, “ಸಾಕು,” ಎಂದು ಕರ್ಟನ್ ಹಿಂದೆ ಹೋಗಿ ನಿಂತುಕೊಂಡಿತು. ಕೊನೆಯಲ್ಲಿ ತಾಯಿ ಸಿಗುತ್ತಾಳೆ ಎಂದು ಎಷ್ಟು ಹೇಳಿದರೂ ಹೊರಗೆ ಬರಲಿಲ್ಲ. ‘ಬಹಳ ಸೆನ್ಸಿಟಿವ್. ಮುಂದಿನ ಸಲ ಇನ್ನೂ ಬೇಗ ಕೈ ಇಡಬೇಕು,’ ಎಂದು ನೋಟ್‌ಬುಕ್ಕಿನಲ್ಲಿ ಬರೆದೆ.

ಮಾರನೆಯ ಬೆಳಗ್ಗೆ ಮಗು ಅಮ್ಮನ ಐಡಿ ಕಾರ್ಡಿನ ದಾರವನ್ನು ಎರಡೂ ಕೈಯಲ್ಲಿ ಹಿಡಿದು ಬಿಡಲೇ ಇಲ್ಲ. ಅದರ ಮಾರನೆಯ ದಿನ ಅಮ್ಮನ ಆಫೀಸಿನ ಒಂದು ಶೂ ಕಾಣಲಿಲ್ಲ; ಅಕ್ಕಿ ಡಬ್ಬಿಯಲ್ಲಿ ಸಿಕ್ಕಿತು. ಮಧ್ಯಾಹ್ನ ಮಲಗಿದ ಮಗು ಬೆಚ್ಚಿಬಿದ್ದು ಎದ್ದರೆ ಬೆನ್ನೆಲ್ಲ ಬೆವರು.

“ಮಮ್ಮಿ, ಏನ್ ತೋರಿಸ್ದೆ ಇವ್ಳಿಗೆ?”

“ಏನೂ ತೋರಿಸಲಿಲ್ಲ ಕಣೇ,” ಎಂದೆ. ನಾನು ಹೇಳಿದ್ದು ನಿಜವೇ ಆಗಿತ್ತು. ಆದರೂ ನಗುತ್ತಿದ್ದ ಮಗುವನ್ನು ನನ್ನ ಕೈಗೆ ಕೊಟ್ಟಿದ್ದರು, ನಾನೇನೋ ಕೆಡಿಸಿಬಿಟ್ಟೆ ಎಂಬ ದಿಗಿಲು ಎದೆಯಲ್ಲಿ ಕೂತುಬಿಟ್ಟಿತು.

ನಾಲ್ಕನೆಯ ದಿನ ಮಧ್ಯಾಹ್ನ ಮೂರಕ್ಕೆ ಶುರುವಾದ ಮಳೆ ನಿಲ್ಲಲಿಲ್ಲ. ಮಗಳ ಆಫೀಸಿನ ವ್ಯಾನು ಆರಕ್ಕೆ ಬರಬೇಕು. ಆರೂವರೆಯಾಯಿತು. ಫೋನ್ ಸ್ವಿಚ್ಡ್ ಆಫ್. ಬಾಲ್ಕನಿಯಿಂದ ಬಗ್ಗಿ ನೋಡಿದರೆ ಎದುರಿನ ವರ್ತೂರು ಕೆರೆಯ ಕೊಳೆನೊರೆ ಹಾರಿ ರಸ್ತೆಯ ಮೇಲೆ ಬೀಳುತ್ತಿತ್ತು. ರಸ್ತೆ ಯಾವುದು, ಕೆರೆ ಯಾವುದು ಗೊತ್ತಾಗುತ್ತಿರಲಿಲ್ಲ. ಸಾಲುಗಟ್ಟಿದ ಹೆಡ್‌ಲೈಟುಗಳು ಅಲುಗಾಡದೆ ನಿಂತಿದ್ದವು. ಏಳಾಯಿತು. ಮಗು ಅಮ್ಮನ ಮನೆಚಪ್ಪಲಿಯನ್ನು ಮಡಿಲಲ್ಲಿಟ್ಟುಕೊಂಡು ಬಾಗಿಲ ಬಳಿ ಕೂತಿತ್ತು.

“ಅಜ್ಜಿ, ಅಮ್ಮನೂ ಕೈ ಹಿಂದೆ ಹೋದ್ಲಾ?”

“ಯಾವ ಕೈ ಚಿನ್ನಾ?”

“ನಿನ್ ಕೈ.”

ನಾನು ಅಲ್ಲೇ ನೆಲದ ಮೇಲೆ ಕೂತೆ. ಅರವತ್ತು ವರ್ಷ ಹಿಂದಿನ ಒಂದು ಸಿನಿಮಾ ಕಣ್ಣ ಮುಂದೆ ಬಂತು. ಒಬ್ಬ ತಾಯಿ ದೋಣಿ ಹತ್ತುತ್ತಾಳೆ. ಸಿಸ್ಟರ್ ಕೈ ಅಡ್ಡ ಬರುತ್ತದೆ. ಕೈ ಸರಿದಾಗ ಅವಳ ಮಗಳು ಕಪ್ಪು ಫ್ರಾಕ್ ತೊಟ್ಟು ನಿಂತಿದ್ದಾಳೆ, ತಾಯಿ ಇಲ್ಲ. ಏನಾಯಿತೆಂದು ನಾನು ಯಾರನ್ನೂ ಕೇಳಲಿಲ್ಲ. ಆ ರಜೆಯಲ್ಲಿ ಊರಿಗೆ ಹೋದಾಗ ಅಮ್ಮ ಬಚ್ಚಲಿಗೆ ಹೋದರೂ ಬಾಗಿಲ ಹೊರಗೆ ನಿಂತು, ಒಳಗೆ ಚೊಂಬಿನ ಸದ್ದಾಗುತ್ತಿದೆಯೇ ಎಂದು ಆಲಿಸುತ್ತಿದ್ದೆ. ಸದ್ದು ಒಂದು ಗಳಿಗೆ ನಿಂತರೆ ಬಾಗಿಲು ಬಡಿಯುತ್ತಿದ್ದೆ.

“ಕೈ ತೆಗ್ದು ತೋರ್ಸು,” ಎಂದಿತು ಮಗು.

ನನಗೆ ಧೈರ್ಯವಿರಲಿಲ್ಲ. ಮಗಳು ಆ ನೀರಿನಲ್ಲಿ ಎಲ್ಲಿದ್ದಾಳೋ. ಇಂಥ ಹೊತ್ತಿನಲ್ಲಿ ಹೊಳೆಯನ್ನು ನೋಡುವುದೇ? ಇನ್ನೊಂದು ವಿಷಯವನ್ನೂ ಈಗ ಒಪ್ಪಿಕೊಳ್ಳುತ್ತೇನೆ. ಪ್ರಿವ್ಯೂ ಮಾಡುವಾಗ ಆ ಎರಡು ನಿಮಿಷ ನಾನೇ ಕಿಟಕಿಯ ಕಡೆ ಮುಖ ತಿರುಗಿಸಿದ್ದೆ. ಅಲ್ಲಿ ಏನಿದೆಯೆಂದು ನನಗೂ ಗೊತ್ತಿರಲಿಲ್ಲ.

ಆದರೂ ಹಾಕಿದೆ. ಹೊಳೆಯ ಸದ್ದು ಕೇಳುತ್ತಲೇ ನನ್ನ ಕೈ ತಾನಾಗಿಯೇ ಮೇಲೆದ್ದಿತು. ಮಗು ಅದನ್ನು ಹಿಡಿದು, ಎರಡೂ ಕೈಯಿಂದ ತನ್ನ ತೊಡೆಯ ಮೇಲೆ ಅದುಮಿಕೊಂಡಿತು. ಕೆಂಪು ನೀರು ನುಗ್ಗಿತು. ತಾಯಿ ಆನೆಯ ಕಾಲು ಜಾರಿತು. ಸೊಂಡಿಲನ್ನು ನೀರಿನ ಮೇಲೆತ್ತಿ, ಹಿಂದಕ್ಕೆ ತಿರುಗಿ ಮರಿಯನ್ನು ನೋಡಿ ಒಮ್ಮೆ ಘೀಳಿಟ್ಟು ತಿರುವಿನಲ್ಲಿ ಮರೆಯಾಯಿತು.

“ಇಷ್ಟೇನಾ?”

“ಇಷ್ಟೇ ಕಂದಾ.”

“ತಲೆ ಕಿತ್ಕೊಂಡ್ ಹೋಗ್ಲಿಲ್ವಾ?”

ನಾಲ್ಕು ದಿನದಿಂದ ತಲೆಯಿಲ್ಲದ ತಾಯಿಯನ್ನು ಈ ಮಗು ಒಳಗೇ ಇಟ್ಟುಕೊಂಡಿತ್ತು. ಅದರ ತಲೆ ನೇವರಿಸಿದೆ. ಕೊನೆಯವರೆಗೂ ನೋಡಿದೆವು. ಆಚೆ ದಡದಲ್ಲಿ ತಾಯಿ ಸಿಕ್ಕಾಗ ಮಗು ಚಪ್ಪಾಳೆ ತಟ್ಟಲಿಲ್ಲ. ಬಾಗಿಲ ಕಡೆ ನೋಡಿತು.

“ನಮ್ಮಮ್ಮ?”

“ಗೊತ್ತಿಲ್ಲ ಚಿನ್ನಾ. ರಸ್ತೇಲಿ ನೀರು ನಿಂತಿದೆ, ವ್ಯಾನು ಸಿಕ್ಕಿಹಾಕ್ಕೊಂಡಿರಬೇಕು. ನಂಗೂ ಭಯ ಆಗ್ತಿದೆ.”

ಮಗುವಿನ ಮುಂದೆ ಇಂಥ ಮಾತನ್ನು ನಾನು ಹಿಂದೆಂದೂ ಆಡಿರಲಿಲ್ಲ. ಅದು ಸ್ವಲ್ಪ ಸರಿದು ನನಗೆ ಅಂಟಿಕೊಂಡಿತು. ಬಾಗಿಲು ತೆರೆದಿಟ್ಟು ಹೊಸ್ತಿಲಲ್ಲಿ ಲಿಫ್ಟಿನ ನಂಬರುಗಳನ್ನೇ ನೋಡುತ್ತ ಇಬ್ಬರೂ ಕೂತೆವು. ಮೇಲೆ ಬರುತ್ತಿದ್ದ ಲಿಫ್ಟ್ ನಾಲ್ಕರಲ್ಲೋ ಐದರಲ್ಲೋ ನಿಂತಾಗಲೆಲ್ಲ ಮಗುವಿನ ಉಗುರು ನನ್ನ ಕೈಯನ್ನು ಚುಚ್ಚುತ್ತಿತ್ತು.

ಕೊನೆಗೊಮ್ಮೆ ನಮ್ಮ ಮಹಡಿ ಏಳರಲ್ಲಿ ನಿಂತಿತು. ಮಗಳು ಚಪ್ಪಲಿ ಕೈಯಲ್ಲಿ ಹಿಡಿದು, ಮೊಣಕಾಲಿನವರೆಗೆ ಕೆಸರಾಗಿ ಹೊರಗೆ ಬಂದಳು. “ಫೋನು ನೀರಿಗೆ ಬಿತ್ತು ಮಮ್ಮಿ. ದೊಮ್ಮಸಂದ್ರದಿಂದ ಹೇಗ್ ಬಂದ್ವೋ ದೇವ್ರೇ ಬಲ್ಲ. ಇದೇನ್ರೇ ಇಬ್ರೂ ಇಲ್ಲಿ ಕೂತಿದ್ದೀರಾ?” ಅಮ್ಮ ಬಗ್ಗಿ ಎತ್ತಿಕೊಂಡಾಗ ಮಗು ಅವಳ ಕತ್ತಿನ ಸುತ್ತ ಬೆರಳಾಡಿಸಿ ನೋಡಿತು.

ಮಾರನೆಯ ಬೆಳಗ್ಗೆಯೂ ಮಗು ಐಡಿ ಕಾರ್ಡಿನ ದಾರ ಹಿಡಿಯಿತು. “ಇವತ್ತೂ ಮಳೆ ಬಂದ್ರೆ?” ಎಂದು ಕೇಳಿತು. “ಲೇಟಾಗತ್ತೆ. ಬೇರೆಯವ್ರ ಫೋನಿಂದ ಅಜ್ಜಿಗೆ ಹೇಳ್ತೀನಿ,” ಎಂದಳು ಮಗಳು. ಮಗು ದಾರ ಬಿಟ್ಟಿತು.

ಈಗಲೂ ಪ್ರಿವ್ಯೂ ಮಾಡುತ್ತೇನೆ. ಹೊಡೆದಾಟದವು ಈಗಲೂ ಔಟ್. ‘ಕೈ ಅಡ್ಡ’ ಎಂದು ಬರೆಯುತ್ತಿದ್ದ ಜಾಗದಲ್ಲಿ ‘ಪಕ್ಕದಲ್ಲಿ ಕೂರಬೇಕು’ ಎಂದು ಬರೆಯುತ್ತೇನೆ.

ದೋಣಿಯ ಆ ಹಳೆಯ ಸಿನಿಮಾ ಕೂಡ ಟ್ಯಾಬಿನಲ್ಲಿ ಸಿಕ್ಕಿದೆ. ಮಗು ಸ್ಕೂಲಿಗೆ ಹೋದ ಮೇಲೆ ಎರಡು ಸಲ ಹಾಕಿದೆ, ಎರಡು ಸಲವೂ ದೋಣಿ ದಡ ಬಿಡುವಾಗ ನಿಲ್ಲಿಸಿದೆ. ಒಬ್ಬಳಿಂದ ಆಗುವುದಿಲ್ಲ. ನಾಳೆ ನೆಲ ಒರೆಸಲು ಅವಳು ಬಂದಾಗ, ಬಕೆಟ್ ಪಕ್ಕಕ್ಕಿಟ್ಟು ನನ್ನ ಜೊತೆ ಸ್ವಲ್ಪ ಹೊತ್ತು ಕೂತಿರು ಎಂದು ಕೇಳಬೇಕು.