ತವರಿನಲ್ಲಿ ಹುಟ್ಟಿದ ಪ್ರೆಸಿಡೆಂಟ್

ಆ ದಿನಗಳಲ್ಲಿ ನಮಗೆ ಭಾನುವಾರ ಶಾಲೆ, ಶುಕ್ರವಾರ ಇಗರ್ಜಿ. ರಜೆಯಲ್ಲಿ ಊರಿಗೆ ಬಂದಾಗ ಇದನ್ನು ಹೇಳಿದರೆ ಶಿರ್ವದ ನನ್ನ ಕಸಿನ್‌ಗಳು ನಾನು ಬೇರೆ ಯಾವುದೋ ಧರ್ಮಕ್ಕೆ ಸೇರಿಬಿಟ್ಟವಳಂತೆ ನೋಡುತ್ತಿದ್ದರು. ಗಲ್ಫಿನಲ್ಲಿ ಬೆಳೆದವರಿಗಾದರೆ ವಿವರಿಸಬೇಕಾಗಿಲ್ಲ. ಅಲ್ಲಿನ ಶುಕ್ರವಾರದ ಬೆಳಗಿಗೆ ಅದರದೇ ಒಂದು ವಾಸನೆಯಿತ್ತು. ಇಸ್ತ್ರಿಯ ಬಿಸಿ ಆರದ ಫ್ರಾಕು, ಕಾರಿನ ಏಸಿ ಹಾಕಿದ ಕೂಡಲೇ ಮೂಗಿಗೆ ಬಡಿಯುವ ಮರಳಿನ ಧೂಳು, ಪೂಜೆ ಮುಗಿದ ಮೇಲೆ ತಿನ್ನಲೆಂದು ಮಮ್ಮಿ ಡಬ್ಬಿಗೆ ತುಂಬಿದ ಸನ್ನ.

ನಾವು ದೋಹಾದ ಅಲ್ ಹಿಲಾಲ್‌ನಲ್ಲಿ ಒಂದು ಹಳೆಯ ವಿಲ್ಲಾದ ಎರಡು ಕೋಣೆಗಳಲ್ಲಿದ್ದೆವು. ಪಪ್ಪ, ಮಮ್ಮಿ, ನಾನು. ಪಪ್ಪ ಹಮದ್ ಬಂದರಿನಲ್ಲಿ ಸರಕು ಸಾಗಿಸುವ ಒಂದು ಕಂಪೆನಿಯ ಗುಮಾಸ್ತರು. ಹಡಗಿನಿಂದ ಇಳಿದ ಪೆಟ್ಟಿಗೆಗಳ ಕಾಗದಪತ್ರ ನೋಡುವುದು ಅವರ ಕೆಲಸ. ಆದರೆ ಕಾಲೇಜಿನಲ್ಲಿ ಅವರು ಓದಿದ್ದು ಇತಿಹಾಸ. ಮೇಷ್ಟ್ರಾಗುವ ಆಸೆಯಿತ್ತಂತೆ. ಅಷ್ಟರಲ್ಲಿ ವೀಸಾ ಬಂತು. ಹೀಗಾಗಿ ಜಗತ್ತಿನ ಇತಿಹಾಸವನ್ನೆಲ್ಲ ಕೇಳಬೇಕಾದ ಏಕೈಕ ವಿದ್ಯಾರ್ಥಿನಿ ನಾನಾದೆ.

ಇಗರ್ಜಿಯ ದಾರಿಯಲ್ಲಿ ನಮ್ಮದೊಂದು ಆಟವಿತ್ತು. ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿನ ಪ್ರಧಾನಿಯಾಗಿದ್ದ, ಬಾಯಲ್ಲಿ ಸದಾ ದಪ್ಪ ಚುಟ್ಟಾ ಕಚ್ಚಿಕೊಂಡಿರುತ್ತಿದ್ದ ಆ ದಢೂತಿ ಮನುಷ್ಯ ಇಂಗ್ಲೆಂಡಿನ ಬದಲು ಅಮೆರಿಕದ ಅಧ್ಯಕ್ಷನಾಗಿದ್ದರೆ? ಪಪ್ಪ ಸ್ಟೇರಿಂಗ್ ಮೇಲೆ ಬೆರಳು ಬಡಿಯುತ್ತಾ ಶುರು ಮಾಡುತ್ತಿದ್ದರು.

"ಮಧ್ಯಾಹ್ನ ಊಟ ಆದ್ಮೇಲೆ ಅವನಿಗೆ ನಿದ್ದೆ ಬೇಕು ಬಾಯೆ. ಪ್ರೆಸಿಡೆಂಟ್ ಆಗಿದ್ರೆ ಇಡೀ ಅಮೆರಿಕಕ್ಕೇ ಮಧ್ಯಾಹ್ನ ರಜೆ." ನನ್ನನ್ನು ಅವರು ಕರೆಯುತ್ತಿದ್ದದ್ದೇ ಬಾಯೆ ಎಂದು.

"ಅಲ್ಲಿಯೂ ಶುಕ್ರವಾರ ರಜೆ ಮಾಡ್ತಿದ್ನಾ?"

"ಅದಕ್ಕೆ ಬೇರೆ ಮೀಟಿಂಗ್ ಕರೀಬೇಕು."

ಮಮ್ಮಿಗೆ ಈ ಆಟ ಹಿಡಿಸುತ್ತಿರಲಿಲ್ಲ. "ನಿಮಗೆ ಬೇರೆ ಯಾರೂ ಸಿಗ್ಲಿಲ್ವಾ? ನಮ್ಮವರನ್ನು ಬೈಯ್ತಾನೇ ಇದ್ದ ಮನುಷ್ಯ."

"ಅದಕ್ಕೇ ಅಲ್ವಾ ಮಾರಾಯ್ತಿ ಅವನನ್ನು ಅಮೆರಿಕಕ್ಕೆ ಕಳಿಸುದು!"

ಶಾಲೆಯಲ್ಲಿ ಎಲ್ಲೋ ಓದಿ ನಾನೊಮ್ಮೆ ತಕರಾರು ತೆಗೆದೆ. ಅಮೆರಿಕದಲ್ಲಿ ಹುಟ್ಟಿದವರೇ ಅಲ್ಲಿನ ಅಧ್ಯಕ್ಷರಾಗಬೇಕಂತೆ, ಇವನು ಹುಟ್ಟಿದ್ದು ಇಂಗ್ಲೆಂಡಿನಲ್ಲಿ. ಪಪ್ಪ ಸಿಗ್ನಲ್‌ನಲ್ಲಿ ಕಾರು ನಿಲ್ಲಿಸಿ ಹಿಂದಕ್ಕೆ ತಿರುಗಿದರು. ಅವರ ಮುಖ ಅರಳಿತ್ತು.

"ಅವನ ಅಮ್ಮ ಅಮೆರಿಕದವಳು. ಇವನು ಚೊಚ್ಚಲು. ನಮ್ಮಲ್ಲಿ ಚೊಚ್ಚಲ ಹೆರಿಗೆ ಎಲ್ಲಿ ಆಗುದು?"

"ಅಮ್ಮನ ಮನೆಯಲ್ಲಿ."

"ನೀನು ಹುಟ್ಟಿದ್ದು ಎಲ್ಲಿ?"

"ಶಿರ್ವದಲ್ಲಿ, ಮಮ್ಮಿಯ ಮನೆಯಲ್ಲಿ."

"ಹಾಂ! ಆ ಹೆಂಗಸು ನಮ್ಮ ಕ್ರಮದ ಪ್ರಕಾರ ಬಾಣಂತನಕ್ಕೆ ತವರಿಗೆ ಹೋಗಿದ್ರೆ ಸಾಕಿತ್ತು. ಮಗ ಅಮೆರಿಕದಲ್ಲೇ ಹುಟ್ಟುತ್ತಿದ್ದ. ಖಲಾಸ್, ಪ್ರೆಸಿಡೆಂಟ್!"

ಹಿಂದಿನ ಕಾರಿನವನು ಹಾರ್ನ್ ಒತ್ತುತ್ತಿದ್ದ. ಮಮ್ಮಿ ಕೂಡ ಆ ದಿನ ನಕ್ಕಳು. ಒಂದು ಬಾಣಂತನ ತಪ್ಪಿದ್ದರಿಂದ ಜಗತ್ತಿನ ಇತಿಹಾಸವೇ ಬದಲಾಯಿತೆಂದು ಕಂಡುಹಿಡಿದವರು ನನ್ನ ಪಪ್ಪನೊಬ್ಬರೇ ಇರಬೇಕು. ನನಗಂತೂ ಹೆಮ್ಮೆಯೋ ಹೆಮ್ಮೆ.

ನನಗೆ ಹನ್ನೊಂದಾದ ವರ್ಷದ ಚಳಿಗಾಲದಲ್ಲಿ ನಮ್ಮ ಕನ್ನಡದವರ ಸಂಘ ಮಕ್ಕಳಿಗೆ ಭಾಷಣ ಸ್ಪರ್ಧೆ ಇಟ್ಟಿತು. ವಿಷಯ, 'ಹೀಗಾಗಿದ್ದರೆ'. ನಮ್ಮ ಆಟಕ್ಕಾಗಿಯೇ ಇಟ್ಟಂತಿತ್ತು. ಪಪ್ಪ ಆ ದಿನದಿಂದಲೇ ಮನೆಯಲ್ಲೊಂದು ಕಾನೂನು ಮಾಡಿದರು. ಕೊಂಕಣಿ ಬಂದ್, ಇಂಗ್ಲಿಷ್ ಬಂದ್, ಕನ್ನಡ ಮಾತ್ರ. ನನಗೆ ಕನ್ನಡ ಅಷ್ಟಕ್ಕಷ್ಟೇ. ಓದಲು ಬರೆಯಲು ಬರುತ್ತಲೇ ಇರಲಿಲ್ಲ. ಭಾಷಣವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಟ್ಟರೆ ಸಾಕೆಂದು ನಾನು ಹಟ ಹಿಡಿದೆ. ಪಪ್ಪ ಒಪ್ಪಲಿಲ್ಲ.

"ಅಕ್ಷರ ಬೇಕು ಬಾಯೆ. ನಿನಗೆ ಉಪಯೋಗ ಉಂಟು."

"ಇಲ್ಲಿ ಎಂಥ ಉಪಯೋಗ?"

ಅವರು ಪೆನ್ನು ನನ್ನ ಕೈಗಿಟ್ಟರು. ಆಫೀಸಿನಿಂದ ತಂದ ಹಳೆಯ ಫಾರಂಗಳ ಹಿಂಬದಿಯಲ್ಲಿ ದಿನವೂ ಸಂಜೆ ಅಕ್ಷರ ತಿದ್ದಿಸಿದರು. ನಾನು ಳ ಬರೆದರೆ ಜಿಲೇಬಿ ಸುತ್ತಿದಂತೆ ಇರುತ್ತಿತ್ತು. ತಪ್ಪಾದರೆ ತಲೆಗೆ ಮೆಲ್ಲಗೆ ಮೊಟಕುತ್ತಿದ್ದರು, ಸರಿಯಾದರೆ ಇಬ್ಬರೂ ಮೂಲೆಯ ಅಂಗಡಿಗೆ ಹೋಗಿ ಕರಕ್ ಚಹಾ ಕುಡಿಯುತ್ತಿದ್ದೆವು. ಏಲಕ್ಕಿ ಹಾಕಿ ಕೆಂಪಗೆ ಕುದಿಸಿದ ಆ ಚಹಾ ಮಕ್ಕಳಿಗೆ ಬೇಡವೆಂದು ಮಮ್ಮಿ ಕೂಗುತ್ತಿದ್ದಳು. ಪಪ್ಪ ನನ್ನ ಕೈ ಹಿಡಿದು "ಯಲ್ಲಾ, ನಡಿ ಪ್ರೆಸಿಡೆಂಟ್!" ಎಂದು ಓಡುತ್ತಿದ್ದರು. ದೋಹಾದಲ್ಲಿ ಜನವರಿಯ ಸಂಜೆಗಳಲ್ಲಿ ಸ್ವೆಟರ್ ಬೇಕಾಗುವಷ್ಟು ಚಳಿ ಇರುತ್ತದೆ. ಕಾಗದದ ಲೋಟ ಬೆರಳಿಗೆ ಹಿತವಾಗಿರುತ್ತಿತ್ತು.

ಸ್ಪರ್ಧೆಗೆ ವೇಷವೂ ತಯಾರಾಯಿತು. ಪಪ್ಪನ ಮದುವೆಯ ಕೋಟಿನ ತೋಳನ್ನು ಮಮ್ಮಿ ಮಡಚಿ ಹೊಲಿದಳು. ಹೊಟ್ಟೆಗೆ ತಲೆದಿಂಬು, ತಲೆಗೆ ಟೋಪಿ. ಚುಟ್ಟಾಕ್ಕೆ ದಾಲ್ಚಿನ್ನಿ ಚಕ್ಕೆ. ಅಭ್ಯಾಸ ಮಾಡುತ್ತಾ ಮಾಡುತ್ತಾ ನಾನದನ್ನು ಜಗಿದು ಮುಗಿಸಿಬಿಡುತ್ತಿದ್ದೆ. ಪ್ರತಿ ಸಲವೂ ಹೊಸ ಚಕ್ಕೆ ಕೇಳಿದಾಗ ಮಮ್ಮಿ, "ಪಲಾವಿಗೆ ಇನ್ನು ನಿಮ್ಮ ಪ್ರೆಸಿಡೆಂಟನ್ನೇ ಹಾಕ್ತೇನೆ," ಎನ್ನುತ್ತಿದ್ದಳು.

ಸ್ಪರ್ಧೆ ಒಂದು ಶುಕ್ರವಾರ ಮಧ್ಯಾಹ್ನ, ಓಲ್ಡ್ ಏರ್‌ಪೋರ್ಟ್ ಕಡೆಯ ಒಂದು ಶಾಲೆಯ ಹಾಲ್‌ನಲ್ಲಿ ನಡೆಯಿತು. ನನಗಿಂತ ಮೊದಲು ಹುಬ್ಬಳ್ಳಿ ಕಡೆಯ ಒಬ್ಬ ಹುಡುಗ ತಾನು ಒಂಟೆಯಾಗಿದ್ದರೆ ಏನು ತಿನ್ನುತ್ತಿದ್ದೆ ಎಂದು ಬಹಳ ಹೊತ್ತು ಹೇಳಿದ. ನಾನು ವೇದಿಕೆಯ ಪಕ್ಕದ ಕಾರಿಡಾರಿನಲ್ಲಿ ಹೊಟ್ಟೆಯ ದಿಂಬು ಹಿಡಿದುಕೊಂಡು ನಿಂತಿದ್ದೆ. ಲವೀನಾ ಆಂಟಿ ಬಂದರು. ನಮ್ಮ ಇಗರ್ಜಿಯವರೇ, ಮಮ್ಮಿಯ ಗೆಳತಿ, ಶಾನ್‌ನ ಅಮ್ಮ. ನನ್ನ ಟೋಪಿ ಸರಿಪಡಿಸಿ, ಕೆನ್ನೆ ಚಿವುಟಿದರು.

"ನಿನ್ನ ಸ್ಟಡಿ ಟೇಬಲ್ ನಮ್ಮ ಶಾನ್‌ಗೆ ಬುಕ್ ಮಾಡಿದ್ದೇವೆ ಆಯ್ತಾ. ಮಾರ್ಚ್ ತನಕ ಅದರ ಮೇಲೆ ಗೀಚ್ಬೇಡ."

ಗಲ್ಫಿನವರಿಗೆ ಈ ಮಾತಿನ ಅರ್ಥ ಬಿಡಿಸಿ ಹೇಳಬೇಕಿಲ್ಲ. ಅಲ್ಲಿ ಯಾರಾದರೂ ಊರಿಗೆ ವಾಪಸು ಹೋಗುತ್ತಾರೆಂದು ಗೊತ್ತಾದರೆ ಅವರ ಮಂಚ, ಕಪಾಟು, ಫ್ರಿಜ್ಜನ್ನು ಪರಿಚಯದವರು ಮುಂಚಿತವಾಗಿ ಹೇಳಿಟ್ಟುಕೊಳ್ಳುತ್ತಾರೆ. ಅದರಲ್ಲಿ ಕೆಟ್ಟ ಮನಸ್ಸೇನೂ ಇಲ್ಲ. ನಮ್ಮ ಮನೆಯ ಸೋಫಾ ಕೂಡ ಹಾಗೆಯೇ ಬಂದದ್ದು. ನಾನು ಕೇಳಿದೆ, "ನಾವು ಹೋಗ್ತೇವಾ ಆಂಟಿ?"

"ನೀನು ಮತ್ತು ಮಮ್ಮಿ. ಪಪ್ಪನ ಕಂಪೆನಿಯಲ್ಲಿ ಫ್ಯಾಮಿಲಿ ಸ್ಟೇಟಸ್ ತೆಗೆದ್ರಲ್ಲ, ಇನ್ನು ಹೆಂಡತಿ ಮಕ್ಕಳನ್ನು ಇಲ್ಲಿ ಇಟ್ಟುಕೊಳ್ಳಲಿಕ್ಕಿಲ್ಲ. ಪಪ್ಪ ಇನ್ನು ಕೆಲಸದವರ ಕ್ಯಾಂಪಿನ ರೂಮಲ್ಲಿ..." ಆಂಟಿಯ ಮಾತು ಅಲ್ಲಿಗೇ ನಿಂತಿತು. "ದೇವಾ. ನಿನಗೆ ಹೇಳ್ಲಿಲ್ವಾ?"

ಅಷ್ಟರಲ್ಲಿ ಮೈಕಿನಲ್ಲಿ ನನ್ನ ಹೆಸರು ಕೇಳಿತು.

ನಾನು ಹೋಗಿ ನಿಂತೆ. ಪಪ್ಪ ಮೂರನೇ ಸಾಲಿನಲ್ಲಿದ್ದರು. ನನ್ನ ಭಾಷಣ ಅವರಿಗೆ ಬಾಯಿಪಾಠವಾಗಿತ್ತು, ತುಟಿ ಆಗಲೇ ಅಲ್ಲಾಡುತ್ತಿತ್ತು. ನಾನೂ ಶುರು ಮಾಡಿದೆ. ಮಧ್ಯಾಹ್ನದ ನಿದ್ದೆಗೆ ಜನ ನಕ್ಕರು. ತವರಿನ ಬಾಣಂತನಕ್ಕೆ ಹೆಂಗಸರು ಚಪ್ಪಾಳೆ ಹೊಡೆದರು. ಆಮೇಲೆ ಕೊನೆಯ ಭಾಗ ಬಂತು. ಅದನ್ನು ನಾನು ಒಂದು ತಿಂಗಳಿಂದ ದಿನವೂ ಒಪ್ಪಿಸುತ್ತಿದ್ದೆ, ಒಂದು ಸಲವೂ ಕಿವಿಗೊಟ್ಟು ಕೇಳಿರಲಿಲ್ಲ.

"ಅವನ ತಂದೆ ಕಡಲಿನ ಆಚೆ ದಡದಲ್ಲಿಯೇ ಉಳಿಯಬೇಕಾಗುತ್ತಿತ್ತು. ವರ್ಷಕ್ಕೊಮ್ಮೆ ಹಡಗು ಹತ್ತಿ ಬಂದು ಮಗುವನ್ನು ನೋಡುತ್ತಿದ್ದ. ಆದರೂ ತಾಯಿಯ ಊರಿನಲ್ಲಿ, ತಾಯಿಯ ಜನರ ನಡುವೆ ಬೆಳೆದ ಆ ಮಗುವಿಗೆ ಯಾವ ಕೊರತೆಯೂ..."

ಅಲ್ಲಿ ನನ್ನ ಬಾಯಿ ಕಟ್ಟಿತು. ಇದು ಯಾವ ಮಗುವಿನ ಮಾತು ಎಂದು ಹೊಳೆಯಲು ಹನ್ನೊಂದು ವರ್ಷದ ಬುದ್ಧಿ ಸಾಕಿತ್ತು. ಕನ್ನಡದ ಕಾನೂನು ಏಕೆ, ಅಕ್ಷರ ಏಕೆ, ಊರಿನ ಶಾಲೆಯಲ್ಲಿ ನಾನು ಹಿಂದೆ ಬೀಳಬಾರದೆಂದೇ ಅಲ್ಲವೇ? ಅಷ್ಟು ದಿನ ಅವರು ನನ್ನನ್ನು ಕೂರಿಸಿಕೊಂಡು ಆಡಿದ್ದು ಆಟವಲ್ಲ, ನನ್ನ ಪ್ಯಾಕಿಂಗ್. ಪಪ್ಪನ ತುಟಿ ಮುಂದಿನ ಶಬ್ದ ಹೇಳಿಕೊಡುತ್ತಿತ್ತು. 'ಇರುತ್ತಿರಲಿಲ್ಲ, ಇರುತ್ತಿರಲಿಲ್ಲ.'

ನಾನು ಮೈಕಿನಲ್ಲಿ ಹೇಳಿದೆ. "ಇರುತ್ತಿತ್ತು."

ಟೋಪಿ ತೆಗೆದು ಇಳಿದು ಹೋದೆ. ಸಭೆಯವರು ಮರೆತುಹೋಯಿತೆಂದುಕೊಂಡು ಪಾಪ ಇನ್ನೂ ಜೋರಾಗಿ ಚಪ್ಪಾಳೆ ತಟ್ಟಿದರು.

ಕಾರಿನಲ್ಲಿ ಮಮ್ಮಿ ಅಳುತ್ತಿದ್ದಳು. ಪಪ್ಪ ಕೀಲಿ ತಿರುಗಿಸದೆ ಕೂತಿದ್ದರು.

"ಪರೀಕ್ಷೆ ಆದ್ಮೇಲೆ ಹೇಳುವ ಅಂತ ಇದ್ದೆ ಬಾಯೆ."

"ನೀವೂ ಬನ್ನಿ ಊರಿಗೆ."

"ನಾನು ಬಂದು ಎಂಥ ಮಾಡುದು ಅಲ್ಲಿ? ಈ ಪ್ರಾಯದ ಗುಮಾಸ್ತನಿಗೆ ಯಾರು ಕೆಲಸ ಕೊಡ್ತಾರೆ? ಸ್ವಲ್ಪ ವರ್ಷ ಅಷ್ಟೇ."

"ನೀವು ಸುಳ್ಳು ಬರೆದದ್ದು. ನನ್ನ ಬಾಯಿಂದ ಸುಳ್ಳು ಹೇಳಿಸಿದ್ದು."

ಪಪ್ಪ ಕೀಲಿ ತಿರುಗಿಸಿದರು.

ನಾವು ಹೊರಡಲು ಇನ್ನೂ ಎಂಟು ವಾರಗಳಿದ್ದವು. ಇಷ್ಟು ವರ್ಷಗಳಾದರೂ ನಾನು ಮತ್ತೆ ಮತ್ತೆ ಲೆಕ್ಕ ಹಾಕುವುದು ಆ ಎಂಟು ವಾರಗಳನ್ನೇ. ಕಂಪೆನಿ ಕಸಿದುಕೊಂಡದ್ದು ಮಾರ್ಚ್‌ನಿಂದ ಮುಂದಿನ ದಿನಗಳನ್ನು. ಅದಕ್ಕೆ ಮೊದಲಿನ ದಿನಗಳನ್ನು ಕಸಿದುಕೊಂಡವಳು ನಾನೇ. ಪಪ್ಪ ಕನ್ನಡದಲ್ಲಿ ಕೇಳಿದರೆ ನಾನು ಇಂಗ್ಲಿಷಿನಲ್ಲಿ ಒಂದು ಶಬ್ದ ಉತ್ತರಿಸುತ್ತಿದ್ದೆ. ಅಕ್ಷರದ ಫಾರಂಗಳನ್ನು ಹರಿದು ಹಾಕಿದೆ. ಸಂಜೆ ಅವರು ಬಾಗಿಲಲ್ಲಿ ಚಪ್ಪಲಿ ಮೆಟ್ಟಿ ಚಹಾಕ್ಕೆಂದು ಕಾಯುತ್ತಿದ್ದರು. ನಾನು ಏಳುತ್ತಿರಲಿಲ್ಲ. ಆಮೇಲೆ ಒಬ್ಬರೇ ಹೋಗಿ ನನಗೊಂದು ಲೋಟ ತಂದು ಮೇಜಿನ ಮೇಲೆ ಇಡುತ್ತಿದ್ದರು. ಅದು ಅಲ್ಲಿಯೇ ಆರಿ ಕೆನೆಗಟ್ಟುತ್ತಿತ್ತು. ಮಮ್ಮಿ ಒಂದು ದಿನ ನನ್ನ ಬೆನ್ನಿಗೆ ಎರಡು ಬಾರಿಸಿ, "ಕಲ್ಲಾ ನಿನ್ನ ಮನಸ್ಸು?" ಎಂದಳು. ಕಲ್ಲೇನೂ ಆಗಿರಲಿಲ್ಲ. ನಾನು ಮಾತಾಡದೆ ಇದ್ದರೆ ಪಪ್ಪ ಸೋತು, ಸರಿ ನಾನೂ ಬರುತ್ತೇನೆ ಎಂದುಬಿಡುತ್ತಾರೆಂದು ನಾನು ಗಟ್ಟಿಯಾಗಿ ನಂಬಿದ್ದೆ. ವಿಮಾನ ನಿಲ್ದಾಣದಲ್ಲಿ, ಪಾಸ್‌ಪೋರ್ಟಿನ ಸಾಲಿನ ಈಚೆ ಅವರು ನಿಂತುಬಿಟ್ಟಾಗಲೂ ನಂಬಿದ್ದೆ. ಸಾಲು ತಿರುಗುವಾಗ ಮಮ್ಮಿ ಕೈಬೀಸಿದಳು. ನಾನು ತಿರುಗಲಿಲ್ಲ. ನೋಡಿದ್ದರೆ ಅಳುತ್ತಿದ್ದೆ, ಅತ್ತರೆ ನಾನು ಸೋತಂತೆ.

ಶಿರ್ವದ ಮಮ್ಮಿಯ ಮನೆಯಲ್ಲಿ ನನಗೆ ಯಾವ ಕೊರತೆಯೂ ಆಗಲಿಲ್ಲ. ಇದನ್ನು ಬರೆಯಲು ಕಷ್ಟವಾಗುತ್ತದೆ, ಆದರೆ ನಿಜ. ಅಕ್ಷರ ಬರುತ್ತಿದ್ದರಿಂದ ಶಾಲೆಯಲ್ಲಿ ಹಿಂದೆ ಬೀಳಲಿಲ್ಲ. ಕಸಿನ್‌ಗಳ ಜೊತೆ ಸೇರಿದೆ, ಊರಿನ ಬಸ್ಸುಗಳು ಗೊತ್ತಾದವು, ಈಗ ಉಡುಪಿಯಲ್ಲಿ ಎಂ.ಕಾಂ. ಓದುತ್ತಿದ್ದೇನೆ. ಭಾಷಣದಲ್ಲಿ ಪಪ್ಪ ಮಗುವಿನ ಬಗ್ಗೆ ಬರೆದದ್ದೆಲ್ಲ ಸರಿಯಾಗಿಯೇ ಇತ್ತು. ಆಚೆ ದಡದಲ್ಲಿ ಉಳಿದವನ ಬಗ್ಗೆ ಅವರು ಬರೆದದ್ದು ಎರಡೇ ವಾಕ್ಯ.

ಮೊದಲ ಸಲ ರಜೆಗೆ ಬಂದಾಗ ಅವರು ಹಜಾರದಲ್ಲಿ ಸೂಟ್‌ಕೇಸಿನ ಪಕ್ಕ ನಿಂತು, ಚಪ್ಪಲಿ ಎಲ್ಲಿ ಬಿಡುವುದು ಎಂದು ಕೇಳಿದರು. ಸ್ನಾನಕ್ಕೆ ಯಾವ ಟವೆಲ್ ತೆಗೆದುಕೊಳ್ಳಲಿ ಎಂದರು. ಅವರು ಕೂತ ಮೇಲೆ ಮಮ್ಮಿ ನನ್ನ ಕೈಗೆ ನೀರಿನ ಲೋಟ ಕೊಟ್ಟು ಕಳಿಸಿದಳು. ಒಂದು ವರ್ಷ ಅವರೊಡನೆ ಫೋನಿನಲ್ಲಿ ಹಾಂ ಹೂಂ ಬಿಟ್ಟು ಬೇರೇನೂ ಮಾತಾಡಿರಲಿಲ್ಲ. ಕ್ಷಮಿಸಿ ಎನ್ನಬೇಕೆಂದು ಒಳಗಿನಿಂದ ಹೇಳಿಕೊಂಡೇ ಬಂದಿದ್ದೆ. ನಾಚಿಕೆಯಿಂದ, ನೆಂಟರಿಗೆ ಕೊಡುವ ಹಾಗೆ, ಲೋಟವನ್ನು ತಟ್ಟೆಯ ಮೇಲಿಟ್ಟು ಮುಂದೆ ಹಿಡಿದೆ. ಪಪ್ಪ ಎದ್ದು ನಿಂತು ಅದನ್ನು ತೆಗೆದುಕೊಂಡರು. "ಥ್ಯಾಂಕ್ಯೂ," ಎಂದರು. ಕ್ಷಮಿಸಿ ಎನ್ನದೆಯೇ ನಾನು ಖಾಲಿ ತಟ್ಟೆ ಹಿಡಿದು ಒಳಗೆ ಹೋದೆ.

ಏಳು ವರ್ಷ ಕ್ಯಾಂಪಿನ ರೂಮಿನಲ್ಲಿದ್ದು ಅವರು ಪೂರ್ತಿಯಾಗಿ ವಾಪಸು ಬಂದು ಎರಡು ವರ್ಷವಾಯಿತು. ಈಗ ನಾವು ಮೂವರೂ ಒಂದೇ ಸೂರಿನ ಕೆಳಗಿದ್ದೇವೆ. ಜಗಳವಿಲ್ಲ, ಮುನಿಸಿಲ್ಲ. ನನ್ನ ಕೋಣೆಗೆ ಬರಬೇಕಾದರೆ ಅವರು ಬಾಗಿಲು ತಟ್ಟುತ್ತಾರೆ. ನನ್ನನ್ನು ಹೆಸರು ಹಿಡಿದು ಕರೆಯುತ್ತಾರೆ. ತಲೆಗೆ ಮೊಟಕುವ ಆ ಮನುಷ್ಯ ಎಲ್ಲಿ ಉಳಿದುಬಿಟ್ಟರೋ ನನಗೆ ತಿಳಿಯದು. ಇವತ್ತು ಬೆಳಿಗ್ಗೆ ಕಾಫಿ ಕೊಟ್ಟೆ. ಪೇಪರ್ ಮಡಚಿಟ್ಟು, ಎರಡೂ ಕೈಯಿಂದ ಲೋಟ ತೆಗೆದುಕೊಂಡು, ಪಪ್ಪ ನನಗೆ ಥ್ಯಾಂಕ್ಯೂ ಎಂದರು.